ನಮ್ಮ ಗ್ಯಾಸಿನ ಒಲೆಯನ್ನು ಆರಿಸುವವರು ಯಾರು?

ಇಂಡಿ, ೧೯೬೮ರ ಶ್ರಾವಣ

ಸೊಲ್ಲಾಪುರದಲ್ಲಿ ಅಡುಗೆ ಗ್ಯಾಸಿನ ಏಜೆನ್ಸಿ ನಡೆಸುತ್ತಿರುವ, ಆದರೆ ಹುಟ್ಟಿ ಬೆಳೆದದ್ದು ನಮ್ಮ ಬಸವನ ಬಾಗೇವಾಡಿಯಲ್ಲೇ ಎಂದು ಎಲ್ಲರಿಗೂ ಗೊತ್ತಿರುವ, ಶ್ರೀ ಸಂಗಣ್ಣನವರ ಸನ್ನಿಧಿಗೆ,

ಮಾನ್ಯರೇ,

ಇಂಡಿಯ ಕಾಳುಕಡಿಯ ವ್ಯಾಪಾರಿ ಶ್ರೀಶೈಲಪ್ಪನವರ ಹೆಂಡತಿ ಕಸ್ತೂರೆವ್ವ ತಲೆತುಂಬ ಸೆರಗು ಹೊದ್ದು, ಸೊಲ್ಲಾಪುರದ ದಿಕ್ಕಿಗೆ ತಿರುಗಿ, ತಮಗೂ ತಮ್ಮ ಗೋದಾಮಿನಲ್ಲಿ ಸಾಲಾಗಿ ನಿಂತಿರುವ ತುಂಬಿದ ಗ್ಯಾಸಿನ ಟಾಕಿಗಳಿಗೂ ಮಾಡುವ ಶರಣು ಶರಣಾರ್ಥಿಗಳು. ಗಂಡನ ಹೆಸರನ್ನು ಬಾಯಿಂದ ಹೇಳುವ ಪದ್ಧತಿ ನಮ್ಮಲ್ಲಿಲ್ಲ, ಆದರೆ ಬರೆಯಬಾರದೆಂದು ಇದುವರೆಗೆ ಯಾರೂ ಹೇಳಿಲ್ಲವಾದ್ದರಿಂದ, ಮುಲ್ಕಿ ಪರೀಕ್ಷೆ ಪಾಸಾದದ್ದಕ್ಕೆ ಇಷ್ಟಾದರೂ ಪ್ರಯೋಜನವಾಗಲೆಂದು ಬರೆದಿದ್ದೇನೆ. ತಮಗೆ ಈ ಹಿಂದೆ ಅಂಚೆಯಲ್ಲಿ ಕಳಿಸಿದ ಎರಡು ಪತ್ರಗಳನ್ನು ತಾವು ಅತ್ಯಂತ ಜೋಪಾನವಾಗಿ, ಉತ್ತರದಿಂದ ಕೆಡಿಸದೆ, ಇಟ್ಟುಕೊಂಡಿರುವಿರಿ ಎಂದು ನಂಬಿದ್ದೇನೆ. ಮೂರನೆಯದನ್ನು ವಿಜಾಪುರದ ವಾರಪತ್ರಿಕೆಯಲ್ಲಿ ಅಚ್ಚು ಹಾಕಿಸುತ್ತಿರುವುದಕ್ಕೆ ಕಾರಣ ಇಷ್ಟೇ: ಬಾಗೇವಾಡಿಯಲ್ಲಿರುವ ತಮ್ಮ ತಾಯಿಯವರು ಈ ಪತ್ರಿಕೆಯನ್ನು ವಾರವಾರ ಓದಿಸಿಕೊಂಡು ಕೇಳುತ್ತಾರಂತೆ.

ಮೊದಲು ತಮ್ಮ ಉಪಕಾರವನ್ನು ನೆನೆಯಬೇಕು. ಹದಿನಾಲ್ಕನೆಯ ವಯಸ್ಸಿಗೆ ಈ ಮನೆಯ ಸೊಸೆಯಾಗಿ ಬಂದಂದಿನಿಂದ ನಾನು ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಮಳೆಗಾಲದಲ್ಲಿ ಅರ್ಧ ಒಣಗಿದ ಸೆಗಣಿಯ ಕುಳ್ಳು ಇವುಗಳನ್ನು ಊದುತ್ತ ಬಂದವಳು. ಊದಿ ಊದಿ ಕಣ್ಣು ಎಲ್ಲಿಗೆ ಬಂದಿತೆಂದರೆ, ಅಕ್ಕಿಯಲ್ಲಿನ ಹರಳು ಯಜಮಾನರ ಹಲ್ಲಿಗೆ ಸಿಕ್ಕ ಮೇಲೆಯೇ ನನಗೆ ತಿಳಿಯುತ್ತಿತ್ತು. ವಿಜಾಪುರದ ಕಣ್ಣಿನ ಡಾಕ್ಟರರು ರೆಪ್ಪೆ ಎತ್ತಿ ನೋಡಿ, ‘ಒಲಿ ಊದೂದ ಬಿಡವ್ವ, ಇಲ್ಲಾಂದ್ರ ಕಣ್ಣ ನಿನ್ನ ಬಿಡ್ತಾವು’ ಅಂದರು. ಯಜಮಾನರಿಗೆ ಹೆಂಡತಿಯ ಕಣ್ಣಿನ ಚಿಂತೆಯೋ ತಮ್ಮ ಹಲ್ಲಿನ ಚಿಂತೆಯೋ ನಾನು ಕೇಳಲಿಲ್ಲ. ತೊಗರಿ ಲಾರಿಯ ಜೊತೆ ಸೊಲ್ಲಾಪುರಕ್ಕೆ ಹೋದವರು ತಮ್ಮ ಏಜೆನ್ಸಿಯ ಮೆಟ್ಟಿಲು ಹತ್ತಿ, ಬರುವಾಗ ಅದೇ ಲಾರಿಯಲ್ಲಿ ಒಂದು ಟಾಕಿ, ಎರಡು ಉರಿಯ ಒಂದು ಒಲೆ, ಮತ್ತು ಅವೆರಡನ್ನೂ ಜೋಡಿಸಲು ಪ್ಯಾಂಟು ಹಾಕಿದ ಒಬ್ಬ ಮನುಷ್ಯನನ್ನು ಹೇರಿಕೊಂಡು ಬಂದರು.

ಟಾಕಿಗೆ ಆದ ಸ್ವಾಗತವನ್ನು ತಾವು ನೋಡಬೇಕಿತ್ತು. ನನ್ನ ಅತ್ತೆ ಬಾಳವ್ವನವರು ಹೊಸ್ತಿಲಲ್ಲಿ ಆರತಿ ಎತ್ತಿ, ಅದರ ಹೊಟ್ಟೆಗೆ ಮೂರೆಳೆ ವಿಭೂತಿ ಬರೆದು, ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿ ಒಳಗೆ ಕರೆದುಕೊಂಡರು. ನನ್ನನ್ನು ಮನೆ ತುಂಬಿಸಿಕೊಂಡಾಗ ಇಷ್ಟು ನಡೆದಿರಲಿಲ್ಲ. ಮರುದಿನ ಮುದ್ದೇಬಿಹಾಳದಿಂದ ಬಂದ ಬೀಗರು ಅಡುಗೆಮನೆಯ ಮಬ್ಬಿನಲ್ಲಿ ಅದರ ಎತ್ತರ, ಗಾತ್ರ, ನುಣುಪು ನೋಡಿ, ಇದು ಯಾವ ಸ್ಥಾಪನೆಯೆಂದು ಕೇಳದೆಯೇ ಕೈಮುಗಿದು ಒಂದು ತೆಂಗಿನಕಾಯಿ ಇಟ್ಟು ಹೋದರು. ಕಾಯಿಯನ್ನು ನಾವು ಚಟ್ನಿಗೆ ಉಪಯೋಗಿಸಿದೆವು, ಆದ್ದರಿಂದ ಆ ಪುಣ್ಯದಲ್ಲಿ ತಮ್ಮದೂ ಪಾಲಿದೆ.

ಟಾಕಿ ಬಂದ ದಿನವೇ ತಮ್ಮ ಮನುಷ್ಯ ಒಲೆ ಜೋಡಿಸಿ ಕಡ್ಡಿ ಗೀರಿದ. ನೀಲಿ ಉರಿ ಎದ್ದಿತು, ಹೊಗೆ ಏಳಲಿಲ್ಲ. ಮಾನ್ಯರೇ, ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಾನು ಉರಿಯುವ ಒಲೆಯ ಮುಂದೆ ಕಣ್ಣು ಬಿಟ್ಟುಕೊಂಡು ನಿಂತೆ. ಇದರಲ್ಲಿ ಅಣಕವೇನೂ ಇಲ್ಲ. ಅಷ್ಟು ಹೊತ್ತಿನ ಮಟ್ಟಿಗೆ ನಾನು ತಮ್ಮನ್ನು ದೇವರೆಂದೇ ತಿಳಿದಿದ್ದೆ.

ಹೊಸ ಒಲೆಯಲ್ಲಿ ಮೊದಲ ಹಾಲು ಉಕ್ಕಲೇಬೇಕು. ಉಕ್ಕಿತು. ‘ಪಾತ್ರೆಯಿಂದ ಉಕ್ಕಿಸಿ ಗ್ಯಾಸು ಹಾಳು ಮಾಡಬಾರದು’ ಎಂದು ತಮ್ಮ ಉಳಿತಾಯದ ಸೂಚನಾಪತ್ರದಲ್ಲಿ ಅಚ್ಚಾಗಿದೆಯೆಂದು ಆ ಮನುಷ್ಯ ಗೋಳಾಡಿದ. ಉಕ್ಕದ ಹಾಲು ಸಂಸಾರಕ್ಕೆ ಒಳ್ಳೆಯದಲ್ಲವೆಂದು ಅತ್ತೆಯವರು ಇನ್ನೊಂದು ತಂಬಿಗೆ ಹಾಲು ಸುರಿದರು. ಕೊನೆಗೆ ಅವನು ಕೈ ಒರೆಸಿಕೊಂಡು, ಒಲೆಯ ಮುಂದಿನ ಗುಂಡಿಯನ್ನು ತೋರಿಸಿ, ‘ಕೆಲಸಾದ ಕೂಡ್ಲೆ ಇದರ ಕಿವಿ ಹಿಂಡಿ ಆರಸ್ರಿ, ಗ್ಯಾಸ್ ಉಳೀತೈತಿ’ ಎಂದು ಹೇಳಿ, ಲಾರಿ ಹಾರ್ನ್ ಹಾಕಿದ್ದರಿಂದ ಉರಿಯುತ್ತಿರುವ ಒಲೆಯನ್ನು ಹಾಗೆಯೇ ಬಿಟ್ಟು ಓಡಿದ.

ಅತ್ತೆಯವರು ಲಾರಿಯ ಧೂಳನ್ನು ನೋಡುತ್ತ, ‘ಹೊಸಾ ಒಲಿ ಹಚ್ಚಿದ ದಿನಾನ ಆರಸಂತಾನಲ್ಲ, ಇವಗ ಮನಿ ಮಾರು ಅನ್ನೂದು ಐತೋ ಇಲ್ಲೋ?’ ಅಂದರು. ನಮ್ಮ ಸಂಕಟವೆಲ್ಲ ಹುಟ್ಟಿದ್ದು ಇಲ್ಲಿಂದ.

ತಾವು ಸೊಲ್ಲಾಪುರದ ನೀರು ಕುಡಿದು ಮರೆತಿರಬಹುದು, ಆದ್ದರಿಂದ ವಿನಯದಿಂದ ನೆನಪಿಸುತ್ತೇನೆ. ನಮ್ಮ ಕಡೆ ಒಲೆಯನ್ನು ಯಾರೂ ಕೈಯಾರೆ ಆರಿಸುವುದಿಲ್ಲ. ಅಡುಗೆಯಾದ ಮೇಲೆ ಕೊಳ್ಳಿ ಹಿಂದಕ್ಕೆ ಎಳೆದು ಕೆಂಡಕ್ಕೆ ಬೂದಿ ಹೊದಿಸುತ್ತೇವೆ, ಬೆಳಗ್ಗೆ ಬೂದಿ ಸರಿಸಿ ಊದುತ್ತೇವೆ, ಅಜ್ಜಿಯ ಕಾಲದ ಕೆಂಡ ಮೊಮ್ಮಗಳ ಕಾಲಕ್ಕೂ ಉರಿಯುತ್ತದೆ. ಒಲೆ ಆರುವುದು ಮನೆಯಲ್ಲಿ ಸಾವಾದ ದಿನ ಮಾತ್ರ. ನಮ್ಮ ಮಾವನವರು ಲಿಂಗೈಕ್ಯರಾದ ದಿನ ಒಲೆಯೊಳಗಿನ ಕೆಂಡವನ್ನು ಹಿತ್ತಲಿಗೆ ಒಯ್ದು ನೀರು ಹೊಯ್ದವರು ಅತ್ತೆಯವರೇ. ಆ ಹೊತ್ತು ಓಣಿಯ ರೇವವ್ವ ತಂದುಕೊಟ್ಟ ರೊಟ್ಟಿಯನ್ನು ಅವರು ಮುಟ್ಟಲಿಲ್ಲ. ಅಂಥವರಿಗೆ ಹೊತ್ತುಹೊತ್ತಿಗೂ ಒಲೆ ಆರಿಸು ಎನ್ನುವುದು, ದಿನಕ್ಕೆ ಮೂರು ಸಲ ಗಂಡನನ್ನು ಕಳಕೋ ಎಂದಂತೆ ಎನ್ನುವುದು ತಮ್ಮ ಸೂಚನಾಪತ್ರ ಬರೆದವರಿಗೆ ತೋಚಿದಂತಿಲ್ಲ.

ಹಾಗಾದರೆ ಸೊಸೆ ಏನು ಮಾಡುತ್ತಿದ್ದಳು ಎಂದು ತಾವು ಕೇಳಬಹುದು. ಸೊಸೆ ನಿಂತು ನೋಡುತ್ತಿದ್ದಳು. ಕಿವಿ ಹಿಂಡಲು ನನಗೇನೂ ಶಕ್ತಿ ಕಡಿಮೆ ಇರಲಿಲ್ಲ, ಆದರೆ ನಾನು ಹಿಂಡಿದ ವಾರದಲ್ಲಿ ಮನೆಯಲ್ಲಿ ಯಾರಿಗಾದರೂ ಕೆಮ್ಮು ಬಂದರೂ ಅದು ನನ್ನ ತಲೆಗೆ ಬರುತ್ತಿತ್ತು. ಇನ್ನೂ ನಿಜ ಹೇಳುವುದಾದರೆ, ಯಜಮಾನರು ವಾರದಲ್ಲಿ ಅರ್ಧ ಭಾಗ ಲಾರಿಯಲ್ಲೇ ಇರುವವರು, ನನಗೂ ಭಯವಾಗಿತ್ತು. ಯಜಮಾನರನ್ನೇ ಕೇಳಿದೆವು. ಅವರು ಉರಿಯನ್ನು ನೋಡಿದರು, ತಾಯಿಯನ್ನು ನೋಡಿದರು, ‘ಒಲಿ ಹೆಂಗಸರ ಅಧಿಕಾರ, ಗಂಡಸರು ಕೈ ಹಾಕಬಾರ್ದು’ ಎಂದು ಹೇಳಿ ಅಂಗಡಿಗೆ ಹೊರಟುಹೋದರು; ಹೆಂಗಸರ ಅಧಿಕಾರಕ್ಕೆ ಈ ಮನೆಯಲ್ಲಿ ಅಷ್ಟು ಗೌರವ ಸಿಕ್ಕಿದ್ದು ಅದೇ ಮೊದಲು. ಪಕ್ಕದ ಮನೆಯ ಜೈತುನಬಿಯನ್ನು, ಅಂದರೆ ಬಳೆಗಾರ ಗುಡುಸಾಬರ ಹೆಂಡತಿಯನ್ನು, ಅತ್ತೆಯವರು ಗೋಡೆಯ ಮೇಲಿಂದ ಕರೆದು, ನಿಮ್ಮಲ್ಲಿ ಒಲೆ ಆರಿಸುವುದು ನಡೆಯುತ್ತದೆಯೇ ಎಂದು ಕೇಳಿದರು. ಆಕೆ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು, ‘ಅಯ್ಯ ಬಾಳವ್ವಾ, ನಮ್ಮಲ್ಲೂ ಮೌತ್ ಆದಾಗಷ್ಟ ಒಲಿ ಆರ್ತೈತಿ. ನಿಮ್ಮನಿ ಒಲಿಗೆ ನಾ ಕೈ ಹಚ್ಚಿ, ನಾಳೆ ನಿಮ್ಮ ಎಮ್ಮಿ ಸೀನಿದ್ರೂ ನನ್ನ ಹೆಸರ ಬರ್ತೈತಿ’ ಅಂದಳು. ಮಾತಿನಲ್ಲಿ ತಪ್ಪಿರಲಿಲ್ಲ.

ಆಮೇಲೆ ಓಣಿಯವರು ಒಂದು ಯುಕ್ತಿ ಹೇಳಿದರು. ಮನೆಯೂ ಒಲೆಯೂ ಇಲ್ಲದವನಿಗೆ ಆರಿಸುವ ದೋಷ ತಟ್ಟಲಾರದು. ನಮ್ಮ ಅಂಗಡಿಯ ಗುಮಾಸ್ತ ರಾಚಪ್ಪ ಖಾನಾವಳಿಯಲ್ಲಿ ಉಣ್ಣುವ ಒಂಟಿ, ಅವನನ್ನು ಕರೆಸಿ ಎಂದು. ರಾಚಪ್ಪ ಬಂದ, ಚಹಾ ಕುಡಿದ, ತೋಳು ಮಡಿಚಿ ಕಿವಿಯವರೆಗೂ ಕೈ ಒಯ್ದ, ಅಲ್ಲಿಗೆ ನಿಲ್ಲಿಸಿ, ‘ಸಿಂದಗಿ ಕಡೆ ಒಂದು ಕನ್ಯಾ ನೋಡ್ಯಾರ್ರಿ, ಇನ್ನೂ ಒಲಿ ಹೂಡೂದೈತಿ, ಈಗ ಆರಸಿ ಕುಂದ್ರಲೇನ್ರಿ?’ ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದ. ಆ ಕನ್ಯೆಯ ಮನೆಯವರು ಇದುವರೆಗೆ ಒಪ್ಪಿಲ್ಲವೆಂದು ಕೇಳಿದ್ದೇನೆ. ಅದಕ್ಕಾದರೂ ನಮ್ಮ ಒಲೆ ಕಾರಣವಲ್ಲ.

ಹೀಗೆ, ಮಾನ್ಯರೇ, ತಮ್ಮ ಗ್ಯಾಸು ನಮ್ಮ ಮನೆಯಲ್ಲಿ ಹಗಲೂ ರಾತ್ರಿ ಉರಿಯತೊಡಗಿತು. ಅದನ್ನು ಆದಷ್ಟು ಸಣ್ಣದು ಮಾಡಿದೆವು. ಸಣ್ಣದು ಮಾಡುವುದಕ್ಕೆ ದೋಷವಿಲ್ಲ. ಆದರೆ ಬರಿದೇ ಉರಿಯುವ ಬೆಂಕಿಯನ್ನು ನೋಡುತ್ತ ಕೂರುವುದು ಅತ್ತೆಯವರಂಥ ಜಿಪುಣರಿಗೆ ಸಾವಿಗಿಂತ ಕಷ್ಟ. ಉಳಿತಾಯದ ವಿಷಯದಲ್ಲಿ ತಾವು ಅವರಿಗೆ ಪಾಠ ಹೇಳಬೇಕಾಗಿಲ್ಲ: ಕಡ್ಡಿಪೆಟ್ಟಿಗೆ ತಂದ ಮೇಲೆ ಕಡ್ಡಿಯನ್ನು ಉದ್ದಕ್ಕೆ ಸೀಳಿ ಎರಡು ಮಾಡುವವರು ಅವರು. ಉರಿ ದಂಡವಾಗಬಾರದೆಂದು ಓಣಿಗೆಲ್ಲ ಹೇಳಿ ಕಳಿಸಿದರು. ಮೊದಲು ಜೈತುನಬಿ ಹಾಲಿನ ಪಾತ್ರೆ ತಂದಳು, ಹಿಂದೆಯೇ ರೇವವ್ವ ಬೇಳೆ ತಂದಳು, ಆಚೆ ಮನೆಯ ಬಾಣಂತಿಗೆ ಎರೆಯಲು ನೀರು ಕಾದಿತು, ಯಾರದೋ ಕುದುರೆಗೆ ಹುರುಳಿ ಬೆಂದಿತು. ಕನ್ನೊಳ್ಳಿಯಿಂದ ಅತ್ತೆಯವರ ತವರಿನವರು ಗಾಡಿ ಕಟ್ಟಿಕೊಂಡು ಉರಿ ನೋಡಲು ಬಂದು, ನೋಡಿದ ಮೇಲೆ ಊಟಕ್ಕೂ ಉಳಿದರು. ಇಡೀ ಓಣಿ ಕಟ್ಟಿಗೆ ಉಳಿಸಿತು, ಕುಳ್ಳು ಉಳಿಸಿತು, ಕಡ್ಡಿಪೆಟ್ಟಿಗೆಯ ಮುಖ ನೋಡುವುದನ್ನೇ ಬಿಟ್ಟಿತು. ಉಳಿಯದೆ ಹೋದದ್ದು ಗ್ಯಾಸು ಒಂದೇ, ಮತ್ತು ಅದಕ್ಕೆ ತಾವು ಇಷ್ಟು ಸಿಟ್ಟಾಗುವುದು ಸ್ವಲ್ಪ ಸಣ್ಣತನವೆಂದು ಓಣಿಯ ಅಭಿಪ್ರಾಯ.

ತಮ್ಮ ಸೂಚನಾಪತ್ರದ ಇತರ ಮಾತುಗಳನ್ನು ನಾವು ಕಣ್ಣಿಗೊತ್ತಿಕೊಂಡು ಪಾಲಿಸಿದ್ದೇವೆ. ಬೇಳೆಯನ್ನು ಮೊದಲೇ ನೆನೆಹಾಕಿ ಎಂದಿದ್ದೀರಿ. ತೊಗರಿಯ ಸೀಮೆಯಲ್ಲಿ ಹುಟ್ಟಿದ ಹೆಂಗಸರಿಗೆ ಇದನ್ನು ಅಚ್ಚು ಹಾಕಿಸಿ ತಿಳಿಸಿದ್ದಕ್ಕೆ ಋಣಿಗಳು, ಮುಂದಿನ ಸಲ ನೀರು ಒದ್ದೆಯಾಗಿರುತ್ತದೆ ಎಂಬುದನ್ನೂ ತಿಳಿಸಬಹುದು. ಪಾತ್ರೆಗೆ ಮುಚ್ಚಳ ಹಾಕಿ ಎಂದಿದ್ದೀರಿ, ಹಾಕಿದೆವು. ಆದರೆ ‘ಎಲ್ಲವನ್ನೂ ಸಿದ್ಧಪಡಿಸಿಕೊಂಡ ಬಳಿಕವೇ ಒಲೆ ಹಚ್ಚತಕ್ಕದ್ದು’ ಎಂಬ ಮಾತು ಜೋಳದ ರೊಟ್ಟಿಗೆ ಹೇಗೆ ಹೊಂದುತ್ತದೆಂದು ನನಗೆ ತಿಳಿಯಲಿಲ್ಲ. ಒಂದು ರೊಟ್ಟಿ ಹಂಚಿನ ಮೇಲೆ ಬೇಯುತ್ತಿರುವಾಗ ಇನ್ನೊಂದನ್ನು ಬಡಿಯುವುದಲ್ಲದೆ, ಮನೆಮಂದಿಯ ರೊಟ್ಟಿಯನ್ನೆಲ್ಲ ಮೊದಲೇ ಬಡಿದು ಒಂದರ ಮೇಲೊಂದು ಪೇರಿಸಿಟ್ಟರೆ ಕೊನೆಗೆ ಸಿಗುವುದು ರೊಟ್ಟಿಯಲ್ಲ, ಒಂದು ದಪ್ಪ ಮುದ್ದೆ. ಈ ಸಾಲನ್ನು ಬರೆದ ಪುಣ್ಯಾತ್ಮನನ್ನು ದಯವಿಟ್ಟು ಒಂದು ವಾರದ ಮಟ್ಟಿಗೆ ಇಂಡಿಗೆ ಕಳಿಸಬೇಕು. ಹಿಟ್ಟು ನಮ್ಮದು, ಬಡಿಯುವ ಕೈ ಅವನದು, ತಿನ್ನುವ ಶಿಕ್ಷೆ ಯಜಮಾನರದು.

ಇಂಥ ಹೊತ್ತಿನಲ್ಲಿ ತಮ್ಮ ತನಿಖೆಯ ಸಾಹೇಬರು ಬಂದರು. ಪಡಸಾಲೆಯಿಂದ ಅಡುಗೆಮನೆಯವರೆಗೆ ಪಾತ್ರೆ ಹಿಡಿದು ಸಾಲಾಗಿ ಕೂತ ಹೆಂಗಸರನ್ನು ಅವರು ಎಣಿಸಿದರು. ಯಾರ ಮನೆಯವರೆಂದು ಕೇಳಲಿಲ್ಲ. ಅತ್ತೆಯವರು ಅವರನ್ನು ತಟ್ಟೆಯ ಮುಂದೆ ಕೂರಿಸಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಮೊಸರು ಬಡಿಸಿದರು. ಸಾಹೇಬರು ಸಂಕೋಚವಿಲ್ಲದೆ ಉಂಡು, ಬೆರಳು ನೆಕ್ಕಿ, ಎಲೆ ಅಡಿಕೆ ಹಾಕಿಕೊಂಡು ಸೊಲ್ಲಾಪುರಕ್ಕೆ ಹೋಗಿ, ಈ ಮನೆಯಲ್ಲಿ ಖಾನಾವಳಿ ನಡೆಯುತ್ತಿದೆ ಎಂದು ವರದಿ ಕೊಟ್ಟರು. ಉಂಡ ಮನೆಯ ಜಂತೆ ಎಣಿಸಬಾರದೆನ್ನುತ್ತಾರೆ. ಸಾಹೇಬರು ಜಂತೆಯನ್ನು ಎಣಿಸಲಿಲ್ಲ, ನಿಜ; ಪಾತ್ರೆಗಳನ್ನು ಎಣಿಸಿದರು.

ಇನ್ನು ಮುಂದಿನದನ್ನು ನಗುತ್ತ ಬರೆಯಲು ನನಗೆ ಬರುವುದಿಲ್ಲ, ಕ್ಷಮಿಸಬೇಕು. ಒಂದು ಮಧ್ಯಾಹ್ನ ಬೆಳಕಿಂಡಿಯ ಬಿಸಿಲು ನೇರವಾಗಿ ಒಲೆಯ ಮೇಲೆ ಬಿದ್ದಿತ್ತು. ಬಿಸಿಲಿನಲ್ಲಿ ತಮ್ಮ ನೀಲಿ ಉರಿ ಒಳ್ಳೆಯ ಕಣ್ಣಿಗೇ ಕಾಣುವುದಿಲ್ಲ, ನನ್ನ ಕಣ್ಣಿಗೆ ಎಲ್ಲಿಂದ ಕಾಣಬೇಕು. ಆಚೆಯ ಮೂಲೆಯ ಉಪ್ಪಿನ ಗಡಿಗೆಗೆಂದು ಒಲೆಯ ಮೇಲಿಂದ ಕೈ ಚಾಚಿದೆ, ಸೆರಗು ಹೊತ್ತಿತು. ಹೊತ್ತಿದ್ದು ಕೂಡ ನನಗೆ ಮೊದಲು ಕಾಣಲಿಲ್ಲ, ಬಿಸಿ ತಾಗಿದ ಮೇಲೆ ಚೀರಿದೆ. ಹಿಟ್ಟು ಕಲೆಸುತ್ತಿದ್ದ ಅತ್ತೆಯವರು ಎದ್ದು ಬಂದು, ಹಿಟ್ಟು ಮೆತ್ತಿದ ಎರಡೂ ಕೈಯಿಂದ ನನ್ನ ಸೆರಗನ್ನು ಹಿಸುಕಿ ಹಿಸುಕಿ ಆರಿಸಿದರು. ಆರಿಸಿದವರು ಅಲ್ಲಿಗೆ ನಿಲ್ಲಲಿಲ್ಲ. ಅದೇ ಸುಟ್ಟ ಕೈಯಿಂದ ಒಲೆಯ ಎರಡೂ ಕಿವಿಗಳನ್ನು ಹಿಂಡಿದರು. ಉರಿ ಆರಿತು. ಅಡುಗೆಮನೆಯಲ್ಲಿದ್ದ ಹೆಂಗಸರೆಲ್ಲ ತಮ್ಮ ತಮ್ಮ ಪಾತ್ರೆ ಎತ್ತಿಕೊಂಡು ಹಿಂದಕ್ಕೆ ಸರಿದರು. ಅತ್ತೆಯವರು ಯಾರ ಮುಖವನ್ನೂ ನೋಡದೆ, ‘ಏನ್ ಆಗೂದೈತಿ ಅದು ನನಗ ಆಗ್ಲಿ, ನಂದು ಉಂಡು ತಿಂದು ಆಗೇತಿ. ಆಕಿ ಇನ್ನೂ ಬಾಳೇ ಮಾಡ್ಬೇಕು’ ಅಂದರು.

ಇಪ್ಪತ್ತು ವರ್ಷ ಆ ಮುದುಕಿಯನ್ನು ಒಳಗೊಳಗೇ ಬಯ್ದಿದ್ದೇನೆ, ಮಾನ್ಯರೇ. ಅಂದು ಅವರ ಕೈಗೆ ಬೆಣ್ಣೆ ಹಚ್ಚುತ್ತ ಬಹಳ ಹೊತ್ತು ಅತ್ತುಬಿಟ್ಟೆ. ‘ಹೊಗಿ ಇಲ್ದಿದ್ರೂ ಅಳ್ತಿಯಲ್ಲ, ಮತ್ತ ಗ್ಯಾಸ್ ತಂದೇನು ಬಂತು’ ಎಂದು ಅದಕ್ಕೂ ಬಯ್ದರು.

ಅಂದಿನಿಂದ ನಮ್ಮ ಮನೆಯಲ್ಲಿ ಒಲೆ ಹಚ್ಚುವವಳು ನಾನು, ಆರಿಸುವವರು ಅವರು. ಇನ್ನೊಬ್ಬರಿಗೆ ಆ ಕಿವಿ ಮುಟ್ಟಲು ಬಿಡುತ್ತಿರಲಿಲ್ಲ. ದೇವಣಗಾಂವದಲ್ಲಿ ತಂಗಿಯ ಮೊಮ್ಮಗಳ ಮದುವೆಗೂ ಹೋಗಲಿಲ್ಲ. ನಾನು ಹೋದರೆ ಒಲೆ ಆರಿಸುವವರು ಯಾರು ಎಂದರು. ಆರಿಸುವಾಗ ಪ್ರತಿ ಸಲ ಬಾಯಲ್ಲಿ ಏನೋ ಅಂದುಕೊಳ್ಳುತ್ತಿದ್ದರು, ಮೊದಮೊದಲು ಮಾವನವರ ಹೆಸರೆಂದು ತಿಳಿದಿದ್ದೆ, ಹತ್ತಿರ ಹೋಗಿ ಕೇಳಿದರೆ, ಸಂಗಣ್ಣನವರೇ, ಅದು ತಮ್ಮ ಹೆಸರು. ಅತ್ತೆಯವರಿಗೆ ಇದುವರೆಗೆ ಏನೂ ಆಗಿಲ್ಲ. ಸೊಂಟನೋವು ಕೂಡ ಕಡಿಮೆಯಾಗಿದೆ.

ಆದರೆ ಅಷ್ಟು ಹೊತ್ತಿಗೆ ಟಾಕಿಯ ಹೊಟ್ಟೆ ಬೆನ್ನಿಗೆ ಹತ್ತಿತ್ತು. ಎರಡು ತಿಂಗಳು ಬರುತ್ತದೆ ಎಂದು ತಾವು ಹೇಳಿದ್ದು ಎರಡು ಸಂತೆಯನ್ನೂ ಸರಿಯಾಗಿ ಕಾಣಲಿಲ್ಲ. ಒಂದು ಬೆಳಗ್ಗೆ ಅರ್ಧ ಕುದಿದ ಚಹಾದ ಕೆಳಗೆ ಉರಿ ತಾನಾಗಿಯೇ ಸಣ್ಣಗಾಗಿ ಆರಿತು. ಯಾರೂ ಕೈ ಹಚ್ಚದೆ ಆರಿದ್ದಕ್ಕೆ ಅತ್ತೆಯವರಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ‘ನೋಡ್ರಿ, ಹಣ್ಣೆಲಿ ಉದುರಿದಂಗ ಹೋತು, ಯಾರಿಗೂ ದೋಷ ಇಲ್ಲ’ ಎಂದು ಓಣಿಗೆಲ್ಲ ಸಕ್ಕರೆ ಹಂಚಿದರು. ಅವರ ಸಂತೋಷ ಮುಗಿಯುವ ಮೊದಲೇ ತಮ್ಮ ಕಾಗದ ಬಂತು: ಖಾನಾವಳಿಗಳಿಗೆ ಮನೆಬಳಕೆಯ ಟಾಕಿ ಕೊಡಲಾಗುವುದಿಲ್ಲ, ಆದ್ದರಿಂದ ನಿಮಗೆ ಇನ್ನೊಂದು ಟಾಕಿ ಇಲ್ಲ.

ಈಗ ನಾನು ಮತ್ತೆ ಮಣ್ಣಿನ ಒಲೆಯ ಮುಂದಿದ್ದೇನೆ. ಶ್ರಾವಣದ ಜಿಟಿಜಿಟಿ, ಹಸಿ ತೊಗರಿಕಟ್ಟಿಗೆ. ಈ ಪತ್ರದ ಸಾಲುಗಳು ಮೇಲೇರಿ ಕೆಳಗಿಳಿದಿದ್ದರೆ ಅದು ಕೈಯ ದೋಷವಲ್ಲ. ಡಾಕ್ಟರರು ಹೇಳಿದ ಮಾತು ನನಗೆ ನೆನಪಿದೆ, ಮತ್ತು ನನಗೆ ಹೆದರಿಕೆಯಿದೆ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ಬೂದಿ ಮುಚ್ಚಿಕೊಂಡು ಮಲಗಿ, ಬೆಳಗ್ಗೆ ಊದಿದರೆ ಏಳುವ ಗ್ಯಾಸನ್ನು ತಮ್ಮ ಕಾರಖಾನೆಯವರು ಬೇಗನೆ ತಯಾರಿಸಬೇಕು. ಅಲ್ಲಿಯವರೆಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಾಗೇವಾಡಿ ತಾಲೂಕುಗಳಿಗೆ ತಲಾ ಒಬ್ಬ ಒಲೆ ಆರಿಸುವ ಅಧಿಕಾರಿಯನ್ನು ನೇಮಿಸಬೇಕು. ಅವನಿಗೆ ಹಿಂದೆ ಮುಂದೆ ಯಾರೂ ಇರಬಾರದು, ಯಾವ ಊರಿನಲ್ಲೂ ಕನ್ಯೆ ನೋಡಿರಬಾರದು. ಖಾನಾವಳಿ ಎಂಬ ಮಾತನ್ನು ತಾವು ಹಿಂದಕ್ಕೆ ತೆಗೆದುಕೊಳ್ಳಬೇಕು. ಇಲ್ಲವಾದರೆ ತಮ್ಮ ಸಾಹೇಬರು ಉಂಡ ರೊಟ್ಟಿ ಎಣ್ಣೆಗಾಯಿಗಳನ್ನಾದರೂ ಹಿಂದಕ್ಕೆ ಕಳಿಸಬೇಕು. ಇವು ಯಾವುವೂ ಆಗುವುದಿಲ್ಲವೆಂದಾದರೆ, ಬರಿಯ ಒಂದು ಟಾಕಿ ಸಾಕು. ಆರಿಸಲು ಈಗ ನಮ್ಮಲ್ಲಿ ಆಳಿದ್ದಾರೆ. ತನ್ನ ಜೀವವನ್ನೇ ಒತ್ತೆಯಿಟ್ಟು ತಮ್ಮ ಗ್ಯಾಸು ಉಳಿಸುವ ಗಿರಾಕಿ ತಮಗೆ ಸೊಲ್ಲಾಪುರದಲ್ಲಿ ಇನ್ನೊಬ್ಬರು ಸಿಗಲಾರರು.

ಟಾಕಿ ಬಂದು ಮುಟ್ಟುವವರೆಗೆ ಮಾತ್ರ,

ತಮ್ಮ ವಿಶ್ವಾಸಿ,
ಕಸ್ತೂರೆವ್ವ ಶ್ರೀಶೈಲಪ್ಪ, ಇಂಡಿ

ತಾ.ಕ.: ಪತ್ರವನ್ನು ಅತ್ತೆಯವರಿಗೆ ಓದಿ ತೋರಿಸಿದೆ. ಎಲ್ಲ ಸರಿಯಿದೆ, ಆದರೆ ಬಹಳ ಮೆತ್ತಗಾಯಿತು ಎಂದರು. ‘ಒಲಿ ಆರಸೂದು ನನಗೀಗ ರೂಢಿ ಆಗೇತಿ, ನಮ್ಮನಿ ಒಲಿ ಆರಸಿದಾಕಿಗೆ ಸೊಲ್ಲಾಪುರದಾಗ ಅವನ ಮನಿ ಒಲಿ ಆರಸೂದು ಭಾಳ ಅಲ್ಲ, ಅಂತ ಬರಿ’ ಎಂದರು. ಬರೆದಿದ್ದೇನೆ. ಅತ್ತೆಯವರು ಮೊದಲು ಬಾಗೇವಾಡಿಗೆ ಹೋಗಿ, ತಮ್ಮ ತಾಯಿಯವರ ಅಪ್ಪಣೆ ಪಡೆದೇ ಸೊಲ್ಲಾಪುರದ ತಮ್ಮ ಮನೆಗೆ ಬರುತ್ತಾರಂತೆ. ತೊಗರಿ ಲಾರಿ ಸೋಮವಾರ ಹೊರಡುತ್ತದೆ.